ಅಂಕಿತ ಉಳಿಯುವ ಬಗೆ: ಪಾರಂಪರಿಕ ಗಾಯನ ಮತ್ತು ಎಲೆಕ್ಟ್ರಾನಿಕ್ ಮಿಶ್ರಣ

ಪಾರಂಪರಿಕ ಸಂಗೀತಕ್ಕೆ ಎಲೆಕ್ಟ್ರಾನಿಕ್ ಬೀಟ್ ಕೂಡಿಸುವ ಡಿಜೆಗಳ ಕುರಿತ ಚರ್ಚೆ ಹೆಚ್ಚಾಗಿ ಶುದ್ಧ–ಮಿಶ್ರಗಳ ವಾಗ್ವಾದದಲ್ಲೇ ಮುಗಿಯುತ್ತದೆ. ಹಾಡಿದವರ ಹೆಸರು, ಹಾಡಿನ ಲಯ ಇವೆರಡೂ ಮಿಶ್ರಣದಲ್ಲಿ ಏನಾಗುತ್ತವೆ ಎಂದು ಕೇಳುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖನದ ವಾದ.

ಫ್ರಾನ್ಸಿನ 'ಡೀಪ್ ಫಾರೆಸ್ಟ್' ಜೋಡಿ 1992ರಲ್ಲಿ ಹೊರತಂದ 'ಸ್ವೀಟ್ ಲಲಬೈ' ಮೊದಲ ನಿದರ್ಶನ. ಅದರ ಜೀವಾಳವಾದ ದನಿ ಸಾಲೊಮನ್ ದ್ವೀಪಗಳ ಮಲೈಟಾದ ಬೈಗು ಸಮುದಾಯದ ಅಫುನಕ್ವಾ ಎಂಬ ಮಹಿಳೆಯದು. ಆಕೆಯ 'ರೊರೊಗ್ವೆಲಾ' ಜೋಗುಳವನ್ನು ಸಂಗೀತ ವಿದ್ವಾಂಸ ಹ್ಯೂಗೊ ಜೆಂಪ್ ಧ್ವನಿಮುದ್ರಿಸಿದ್ದರು. ಅದು ಯುನೆಸ್ಕೊ ಮಾಲಿಕೆಯಲ್ಲಿ ಪ್ರಕಟವಾಗಿತ್ತು. ಮಧ್ಯ ಆಫ್ರಿಕದ ಪಿಗ್ಮಿ ದನಿಗಳಿಗೆ ಹೆಸರಾದ ಆಲ್ಬಮ್ಮಿನೊಳಗೆ ಸೇರಿದ ಮೇಲೆ ಹಾಡಿನ ಊರೇ ಮರೆಯಾಯಿತು. 1996ರಲ್ಲಿ ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅದೇ ಧಾಟಿಯನ್ನು 'ಪಿಗ್ಮಿ ಲಲಬೈ' ಎಂಬ ಹೆಸರಿನಲ್ಲಿ ನುಡಿಸಿದರು. ಪೆಸಿಫಿಕ್ ಸಾಗರದ ಜೋಗುಳ ನಾಲ್ಕೇ ವರ್ಷಗಳಲ್ಲಿ ಆಫ್ರಿಕದ್ದಾಯಿತು. ಜನಾಂಗೀಯ ಸಂಗೀತ ವಿದ್ವಾಂಸ ಸ್ಟೀವನ್ ಫೆಲ್ಡ್ 2000ದಲ್ಲಿ ಈ ಪಯಣವನ್ನು ವಿವರವಾಗಿ ದಾಖಲಿಸಿದ್ದಾರೆ.

ಎರಡನೆಯ ನಿದರ್ಶನ ಚೆಬ್ ಇ ಸಬ್ಬಾ. 1947ರಲ್ಲಿ ಅಲ್ಜೀರಿಯದ ಕಾನ್‌ಸ್ಟಂಟೈನ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಡಿಜೆಯಾಗಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆನಿಂತು 2013ರಲ್ಲಿ ತೀರಿಕೊಂಡ ಕಲಾವಿದ. 'ಶ್ರೀ ದುರ್ಗಾ' (1999), 'ಕೃಷ್ಣ ಲೀಲಾ' (2002) ಆಲ್ಬಮ್‌ಗಳಿಗೆ ಅವರು ಹಳೆಯ ಮುದ್ರಿಕೆಗಳ ತುಣುಕುಗಳನ್ನೇ ನೆಚ್ಚಲಿಲ್ಲ. ಗಾಯಕ–ವಾದಕರನ್ನು ಸ್ಟುಡಿಯೊಕ್ಕೆ ಕರೆದು ಹಾಡಲು, ನುಡಿಸಲು ಹೇಳಿ, ಅವರ ಹೆಸರುಗಳನ್ನು ನಮೂದಿಸಿದರು. 'ಕೃಷ್ಣ ಲೀಲಾ'ದಲ್ಲಿ ಪುರಂದರದಾಸರ 'ನರಜನ್ಮ ಬಂದಾಗ' ಕೂಡ ಇದೆ.

ಹೆಸರು ಉಳಿದಮಾತ್ರಕ್ಕೆ ಲಯದ ತೊಡಕು ತೀರದು. ತಂಬೂರಿಯ ಶ್ರುತಿ ಮತ್ತು ಸಿಂಥಸೈಜರಿನ ದೀರ್ಘ ಮಂದ್ರನಾದ ಸುಲಭವಾಗಿ ಹೊಂದಿಕೊಳ್ಳುತ್ತವೆ. ಆದರೆ ಆಲಾಪನೆಗೆ ತಾಳದ ಕಟ್ಟಿಲ್ಲ. ಹಾಡು ತಾಳದ ಆರಂಭಕ್ಕಿಂತ ಮುಂಚೆ ಅಥವಾ ನಂತರ ಶುರುವಾಗುವ ಅತೀತ, ಅನಾಗತ ಎಡುಪುಗಳಲ್ಲಿ ಸಾಹಿತ್ಯ ಸಮಕ್ಕೆ ಸರಿಯಾಗಿ ಬೀಳುವುದಿಲ್ಲ. ಸಾಫ್ಟ್‌ವೇರು ಪ್ರತಿ ಪೆಟ್ಟನ್ನೂ ಸಮಾನ ಅಂತರಕ್ಕೆ ಎಳೆದು ಕೂರಿಸಿದರೆ ಈ ಓಲಾಟ ಸಪಾಟಾಗುತ್ತದೆ. ಗಾಯನವನ್ನು ಆಧಾರವಾಗಿಟ್ಟು ಬೀಟನ್ನು ಅದಕ್ಕೆ ಹೊಂದಿಸಿದಾಗ ಲಯ ಉಳಿಯುವ ಅವಕಾಶ ಹೆಚ್ಚು.

ದಾಸಸಾಹಿತ್ಯ ಇಲ್ಲಿ ಒಂದು ಅಳತೆಗೋಲು ಒದಗಿಸುತ್ತದೆ. ಪುರಂದರದಾಸರ ಬಹುಪಾಲು ಪದಗಳ ಮೂಲ ಮಟ್ಟುಗಳು ನಮಗೆ ದಕ್ಕಿಲ್ಲ. ಒಂದೇ ದೇವರನಾಮವನ್ನು ಕರ್ನಾಟಕ, ಹಿಂದೂಸ್ತಾನಿ ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತ ಬಂದಿದ್ದಾರೆ. ಆದ್ದರಿಂದ ಹೊಸ ಧಾಟಿ, ಹೊಸ ವಾದ್ಯಗಳಷ್ಟರಿಂದಲೇ ಪರಂಪರೆಗೆ ಭಂಗವೆನ್ನಲಾಗದು. ಬದಲಾಗದೆ ಬಂದದ್ದು ಕೊನೆಯ ಚರಣದ ಅಂಕಿತ, ಅಂದರೆ ಪದ ಕಟ್ಟಿದವರ ಗುರುತಿನ ಮುದ್ರೆ. ಪಲ್ಲವಿಯೊಂದನ್ನೇ ಕತ್ತರಿಸಿ ಸುತ್ತಿಸಿದರೆ ಮೊದಲು ಬಿದ್ದುಹೋಗುವುದೂ ಅದೇ. ಅಫುನಕ್ವಾ ಹಾಡಿಗಾದರೋ ಅಂಥ ಒಳಗಿನ ರಕ್ಷೆಯೂ ಇರಲಿಲ್ಲ.

ಒಟ್ಟಿನಲ್ಲಿ, ಮಿಶ್ರಣವೆಂಬ ಕಾರಣಕ್ಕೆ ಇಂಥ ಕೃತಿಗಳನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಹಾಡುಗಾರರ ಹೆಸರು, ಸಮುದಾಯ, ಊರುಗಳನ್ನು ನಮೂದಿಸದ ಕೃತಿಯನ್ನು ಎಷ್ಟೇ ಇಂಪಾಗಿದ್ದರೂ ಒಪ್ಪಬೇಕಾಗಿಲ್ಲ. ನಮ್ಮ ಜನಪದ ಧ್ವನಿ ಸಂಗ್ರಹಗಳು ಡಿಜಿಟಲ್ ರೂಪಕ್ಕೆ ಬರುವಾಗ ಈ ನಮೂದನ್ನು ಕಡ್ಡಾಯ ಮಾಡಬೇಕು.