ನಂದಿಯ ತಪ್ಪಲಿನಲ್ಲಿ ಹದಿನೆಂಟು ಕುಳಿಗಳು

ಚೌಕಾಬಾರಕ್ಕೆ ಒಂದು ಜಗಲಿ ಸಾಕು. ಗೋಲಿಗೆ ಮನೆಯ ಮುಂದಣ ಓಣಿ ಸಾಕು. ಚಿನ್ನಿದಾಂಡಿಗೆ ಊರ ಹೊರಗಿನ ಬಯಲು ಬೇಕಾದರೂ ಹುಡುಗರು ಮನೆಗೆ ಹಿಂದಿರುಗಿದ ಮೇಲೆ ಆ ಬಯಲು ಮತ್ತೆ ದನಕರುಗಳದಾಗುತ್ತದೆ. ಗಾಲ್ಫ್ ಎಂಬ ಆಟದ ಸಂಗತಿ ಹಾಗಲ್ಲ. ಹದಿನೆಂಟು ಕುಳಿಗಳ ಒಂದು ಪೂರ್ಣ ಅಂಗಣಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮೇಲ್ಪಟ್ಟ ನೆಲ ಬೇಕು; ಆ ನೆಲ ವರ್ಷವಿಡೀ ಆಟಕ್ಕೇ ಮೀಸಲಾಗಿರಬೇಕು. ಆದಕಾರಣ ಈ ಆಟದ ಚರಿತ್ರೆಯನ್ನು ಹೇಳಹೊರಟವನು ಗೆದ್ದವರ ಪಟ್ಟಿಯನ್ನು ಕೊಟ್ಟು ಸುಮ್ಮನಾಗುವಂತಿಲ್ಲ. ನೆಲದ ಕಥೆಯನ್ನೂ ಹೇಳಬೇಕಾಗುತ್ತದೆ.

ಬೆಂಗಳೂರಿನಿಂದ ಉತ್ತರಕ್ಕೆ ಹೊರಟು ದೇವನಹಳ್ಳಿಯ ಕಡೆಯಿಂದ ನಂದಿಯ ದಾರಿ ಹಿಡಿದರೆ ಕುಂದಾಣ ಹೋಬಳಿಯ ಕಾರಹಳ್ಳಿ ಸಿಕ್ಕುತ್ತದೆ. ಅಲ್ಲಿ ಪ್ರೆಸ್ಟೀಜ್ ಗಾಲ್ಫ್‌ಷೈರ್ ಎಂಬ ಬಡಾವಣೆಯ ನಡುವೆ ಇಂಥದೊಂದು ಅಂಗಣವಿದೆ. ಅದನ್ನು ರೂಪಿಸಿದವರು ಅಮೆರಿಕದ ಪಿ. ಬಿ. ಡೈ; ಅವರ ತಂದೆ ಪೀಟ್ ಡೈ ಕೂಡ ಇದೇ ಕಸುಬಿನಲ್ಲಿ ಹೆಸರಾದವರು. ಬೆಟ್ಟದ ಸಾಲು ಎದುರಿಗಿದೆ. ಮರಗಳಿವೆ, ನೀರಿನ ಹರವುಗಳಿವೆ, ಕಣ್ಣು ಹಾಯುವಷ್ಟು ದೂರ ಹಸುರಿದೆ. ಸುತ್ತಣ ಸೀಮೆ ಬೇಸಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದಾಗಲೂ ಈ ಹಸುರು ಮಾಸುವುದಿಲ್ಲ.

ಆಟವನ್ನು ಕಾಣದ ಓದುಗರಿಗಾಗಿ ಅದರ ಕ್ರಮವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಒಳ್ಳೆಯದು. ಆಟಗಾರನು ಒಂದು ಸಣ್ಣ ದಿಣ್ಣೆಯ ಮೇಲೆ ನಿಂತು ಚೆಂಡನ್ನು ಹೊಡೆಯುತ್ತಾನೆ. ಮುನ್ನೂರು ನಾನೂರು ಗಜ ದೂರದಲ್ಲಿ ಒಂದು ಬಾವುಟ. ಬಾವುಟದ ಬುಡದಲ್ಲಿ ನಾಲ್ಕೂಕಾಲು ಅಂಗುಲ ಅಗಲದ ಕುಳಿ. ಈ ಅಳತೆ 1891ರಲ್ಲಿ ನಿಗದಿಯಾದದ್ದು. ದಿಣ್ಣೆಗೂ ಕುಳಿಗೂ ನಡುವೆ ಕತ್ತರಿಸಿದ ಹುಲ್ಲಿನ ಹಾದಿ; ಹಾದಿಯ ಎರಡು ಮಗ್ಗುಲಲ್ಲೂ ಉದ್ದ ಹುಲ್ಲು, ಮರಗಳ ಸಾಲು; ಅಲ್ಲಲ್ಲಿ ಮರಳಿನ ಹೊಂಡ. ಕುಳಿಯ ಸುತ್ತ ಹುಲ್ಲನ್ನು ಜಮಖಾನದಂತೆ ನುಣುಪಾಗಿ ಕತ್ತರಿಸಿರುತ್ತಾರೆ. ಅದಕ್ಕೆ ಗ್ರೀನ್ ಎಂದು ಹೆಸರು. ಹತ್ತಿರದ ಕುಳಿಯನ್ನು ಮೂರು ಏಟಿನಲ್ಲಿ, ನಡುವಿನದನ್ನು ನಾಲ್ಕರಲ್ಲಿ, ದೂರದ್ದನ್ನು ಐದರಲ್ಲಿ ಮುಗಿಸುವುದು ನಿಪುಣನ ಲೆಕ್ಕ. ಹದಿನೆಂಟೂ ಸೇರಿ ಬಹುಮಟ್ಟಿಗೆ 72 ಏಟುಗಳು. ಇಲ್ಲಿ ಎದುರಾಳಿ ಚೆಂಡನ್ನು ತಡೆಯಲು ಬರುವುದಿಲ್ಲ. ಗಾಳಿ, ಏರಿಳಿತ, ಮರ, ಮರಳು, ನೀರು ಇವುಗಳೇ ತಡೆಯುತ್ತವೆ. ನೆಲವನ್ನು ಓದಬಲ್ಲವನು ಗೆಲ್ಲುತ್ತಾನೆ.

ಈ ನೆಲದ ಓದು ಮೊದಲಾದದ್ದು ಸ್ಕಾಟ್ಲೆಂಡಿನ ಕಡಲಂಚಿನಲ್ಲಿ. ಕಡಲಿಗೂ ಉತ್ತ ಹೊಲಕ್ಕೂ ನಡುವೆ ಅಲ್ಲಿ ಮರಳುದಿಬ್ಬಗಳ ಪಟ್ಟಿಯೊಂದು ಇರುತ್ತದೆ. ಅದನ್ನು ಲಿಂಕ್ಸ್ ಎನ್ನುತ್ತಾರೆ. ಬೇಸಾಯಕ್ಕೆ ಬಾರದ ನೆಲ, ಒರಟು ಹುಲ್ಲು ಬೆಳೆಯುತ್ತದೆ, ಕುರಿ ಮೇಯಿಸುತ್ತಾರೆ. ನಮ್ಮ ಮೈಸೂರು ಸೀಮೆಯ ಕಂದಾಯದ ಭಾಷೆಯಲ್ಲಿ ಹೇಳುವುದಾದರೆ ಅದು ಊರ ಗೋಮಾಳ. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಒತ್ತರಿಸಿ ಮಲಗಿದ ಎಡೆಗಳಲ್ಲಿ ಹುಲ್ಲು ಹೋಗಿ ಮರಳಿನ ಗುಳಿ ಬಿದ್ದಿತೆಂದೂ, ಈಗಿನ ಅಂಗಣಗಳಲ್ಲಿ ಕೂಲಿ ಕೊಟ್ಟು ತೋಡಿಸುವ ಮರಳಿನ ಹೊಂಡಗಳಿಗೆ ಅದೇ ಮೂಲವೆಂದೂ ಬಲ್ಲವರು ಹೇಳುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು 1830ರಲ್ಲಿ. ಅದಕ್ಕೆ ಮೊದಲು ಆ ಕೆಲಸವನ್ನೂ ಕುರಿಗಳೇ ಮಾಡುತ್ತಿದ್ದವು.

ಆಟ ಎಷ್ಟು ಜನಪ್ರಿಯವಾಗಿತ್ತೆಂದರೆ, ಜನರು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಇದರ ಬೆನ್ನು ಹತ್ತಿದ್ದಾರೆಂದು 1457ರಲ್ಲಿ ಅಲ್ಲಿನ ಸಂಸತ್ತು ಗಾಲ್ಫನ್ನು ನಿಷೇಧಿಸಬೇಕಾಯಿತು. 1552ರಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣದ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಶಾಸನ ಬರೆಸಿದನು. ಲಿಂಕ್ಸಿನಲ್ಲಿ ಮೊಲ ಸಾಕುವ ಹಕ್ಕು ಆತನಿಗೆ. ಅಲ್ಲಿ ಗಾಲ್ಫ್ ಮೊದಲಾದ ಆಟಗಳನ್ನಾಡುವ ಹಕ್ಕು ಪಟ್ಟಣದ ಜನಕ್ಕೆ. 1764ರಲ್ಲಿ ಇದೇ ಊರಿನವರು ತಮ್ಮ ಸುತ್ತನ್ನು 22ರಿಂದ 18 ಕುಳಿಗಳಿಗೆ ಇಳಿಸಿದರು. ಆ ಹದಿನೆಂಟೇ ಮುಂದೆ ಲೋಕದ ಕಟ್ಟಳೆಯಾಯಿತು. 1797ರಲ್ಲಿ ಸಾಲದಲ್ಲಿ ಮುಳುಗಿದ ಪುರಸಭೆ ಆ ನೆಲವನ್ನು ಮಾರಿತು. ಅದು ಮೊಲದ ವ್ಯಾಪಾರಿಗಳ ಪಾಲಾಯಿತು. ಊರಿನವರು ತಮ್ಮ ಹಕ್ಕಿಗಾಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೋರಾಡಿದರು. ಕೊನೆಗೆ 1894ರಲ್ಲಿ ಶಾಸನವೊಂದರ ಬಲದಿಂದ ನೆಲ ಪಟ್ಟಣಕ್ಕೆ ಹಿಂದಿರುಗಿತು. ಇಂದಿಗೂ ಅದು ಸಾರ್ವಜನಿಕರ ಸ್ವತ್ತು. ಲೋಕದ ಗಾಲ್ಫ್ ಆಟಗಾರರಿಗೆಲ್ಲ ಕಾಶಿಯಂತಿರುವ ಅಲ್ಲಿನ ಹಳೆಯ ಅಂಗಣದಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಊರಿನವರು ಮಕ್ಕಳೊಡನೆ, ನಾಯಿಗಳೊಡನೆ ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟ ಕಡಲಂಚನ್ನು ಬಿಟ್ಟು ಒಳನಾಡಿನ ಕಾಡುಗಳಿಗೆ ಹೊಕ್ಕಿತು. ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದ ಬ್ಲೇರ್‌ಗೌರಿಯಂಥ ಎಡೆಗಳಲ್ಲಿ ಪೈನ್, ಬರ್ಚ್ ಮರಗಳ ನಡುವೆ ಕುಳಿಗಳ ಹಾದಿಯನ್ನು ಬಿಡಿಸಿದರು. ಕಡಲಂಚಿನಲ್ಲಿ ಇಡೀ ಅಂಗಣ ಒಂದೇ ನೋಟಕ್ಕೆ ಸಿಕ್ಕುತ್ತದೆ. ಕಾಡಿನ ಅಂಗಣದಲ್ಲಾದರೋ ಒಂದೊಂದು ಕುಳಿಯೂ ಒಂದೊಂದು ಕೋಣೆ. ಒಂದರಲ್ಲಿರುವವನಿಗೆ ಇನ್ನೊಂದು ಕಾಣದು. ನೋಡಲು ಬಲು ಸೊಗಸು. ಆದರೆ ಹಾಗೆ ನೆಲವನ್ನು ಹದಗೊಳಿಸಲು ಹಣ ಬೇಕು. ಹಣ ಹಾಕಿದವರು ಬೇಲಿಯನ್ನೂ ಹಾಕುತ್ತಾರೆ. ಕುರಿಗಾಹಿಯ ಹುಲ್ಲುಗಾವಲಿನಿಂದ ಆಟ ಸದಸ್ಯರ ತೋಟಕ್ಕೆ ಬಂದದ್ದು ಹೀಗೆ. ನಂದಿಯ ತಪ್ಪಲಿನ ಅಂಗಣ ಈ ಎರಡನೆಯ ವಂಶಕ್ಕೆ ಸೇರಿದ್ದು.

ನಮ್ಮ ದೇಶಕ್ಕಂತೂ ಆಟ ಬೇಲಿಯ ಸಮೇತವೇ ಬಂದಿತು. 1829ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಆಚೆಗೆ ಮೊಟ್ಟಮೊದಲನೆಯದು. ಬೆಂಗಳೂರಿನಲ್ಲಿ 1809ರಿಂದ ದಂಡು ಬೀಡುಬಿಟ್ಟಿತ್ತು, ದಂಡಿನಲ್ಲಿ ಸ್ಕಾಟರಿಗೆ ಕಡಿಮೆಯಿರಲಿಲ್ಲ, ಹವೆಯೂ ತಂಪು. ಹೈಗ್ರೌಂಡ್ಸ್ ಎಂದು ಕರೆಯುವ ಏರುನೆಲದಲ್ಲಿ 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿತು. ಅದು ಇಂದಿಗೂ ಅದೇ ಎಡೆಯಲ್ಲಿದೆ. ಅಂದು ಊರಿನ ಅಂಚಾಗಿದ್ದದ್ದು ಇಂದು ನಗರದ ನಡುಮಧ್ಯ.

1876 ಎಂಬ ಇಸವಿಯನ್ನು ಕಂಡಾಗ ನಮ್ಮ ಹಳ್ಳಿಗಾಡಿನ ಹಿರಿಯರಿಗೆ ಬೇರೆಯದೇ ನೆನಪಾಗುತ್ತಿತ್ತು. ಧಾತು ಸಂವತ್ಸರವದು. ಆ ವರ್ಷ ಮಳೆ ಹೋಯಿತು. ಮರುವರ್ಷ ಈಶ್ವರ ಸಂವತ್ಸರದಲ್ಲಿಯೂ ಕಷ್ಟ ನೀಗಲಿಲ್ಲ. ಧಾತು ಈಶ್ವರದ ಬರವೆಂದು ಜನದ ಬಾಯಲ್ಲಿ ಉಳಿದದ್ದು ಅದೇ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಲೆಕ್ಕ ಎಂಟು ಲಕ್ಷ ಅರವತ್ತೊಂಬತ್ತು ಸಾವಿರದಷ್ಟು ಇಳಿಯಿತು. ಕ್ಲಬ್ಬು ಕಟ್ಟಿದವರು ಬರವನ್ನು ತಂದರೆಂದು ಯಾರೂ ಹೇಳುವುದಿಲ್ಲ. ಆಟವಾಡುವುದು ಪಾಪವೂ ಅಲ್ಲ. ಆದರೂ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ಒಂದು ಕಡೆ ಹುಲ್ಲಿನ ಮೇಲೆ ಚೆಂಡು ಉರುಳುತ್ತಿತ್ತು, ಇನ್ನೊಂದು ಕಡೆ ಹುಲ್ಲಿಲ್ಲದೆ ದನ ಸಾಯುತ್ತಿತ್ತು ಎಂಬುದನ್ನು ಒಂದೇ ಪುಟದಲ್ಲಿ ಬರೆದಿಡುವುದು ಚರಿತ್ರೆಯ ಕರ್ತವ್ಯ.

ಆಮೇಲೆ ಆಟ ಸೀಮೆಯಲ್ಲೆಲ್ಲ ಹರಡಿತು. ಕೋಲಾರದ ಚಿನ್ನದ ಗಣಿಗಳಿಗೆ ಬಂದ ಬಿಳಿಯರು ಅಲ್ಲಿಯೂ ಅಂಗಣ ಮಾಡಿಕೊಂಡರು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಬುಡದಲ್ಲಿ, ಕುದುರೆ ಪಂದ್ಯದ ಮೈದಾನದ ಮಗ್ಗುಲಲ್ಲಿ ಆಟ ನಡೆಯಿತು. ಅಲ್ಲಿನ ಕ್ಲಬ್ಬು ಜಯಚಾಮರಾಜ ಒಡೆಯರ ಹೆಸರನ್ನು ಹೊತ್ತಿದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿ ತೋಟದವರು ಆಡಿದರು. ನೀರು ಸಾಲದ ಬಯಲುಸೀಮೆಯ ಹಳೆಯ ಅಂಗಣಗಳಲ್ಲಿ ಒಂದು ಜಾಣತನವಿತ್ತು. ಕುಳಿಯ ಸುತ್ತ ಹುಲ್ಲು ಬೆಳೆಸುವ ಬದಲು ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ ಸಮಮಾಡಿ, ಅದರ ಮೇಲೆ ಚೆಂಡು ಉರುಳಿಸುತ್ತಿದ್ದರು. ಗ್ರೀನ್ ಅಲ್ಲವಾದ್ದರಿಂದ ಅದಕ್ಕೆ ಬ್ರೌನ್ ಎಂದೇ ಹೆಸರು. ಆಟ ನೆಲಕ್ಕೆ ತಲೆಬಾಗಿದ ಕಾಲ ಅದು.

ಈಚಿನ ಕಾಲದಲ್ಲಿ ನೆಲವೇ ಆಟಕ್ಕೆ ತಲೆಬಾಗಬೇಕಾಗಿದೆ. ಬೆಂಗಳೂರಿನ ಪೂರ್ವಕ್ಕೆ, ಹಿಂದೆ ಕೆರೆಯ ಅಂಗಳವಾಗಿದ್ದ ಚಲ್ಲಘಟ್ಟದಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಣ ಬಂದಿತು. ಬ್ರಿಟಿಷ್ ಓಪನ್ ಪಂದ್ಯವನ್ನು ಐದು ಸಲ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅದರ ರೂಪಕಾರರಲ್ಲೊಬ್ಬರು. ಪಶ್ಚಿಮಕ್ಕೆ ಬಿಡದಿಯ ಬಳಿ ಈಗಲ್‌ಟನ್ ಬಂದಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರದ ಸರದಿ. ದ್ರಾಕ್ಷಿ, ಹಿಪ್ಪುನೇರಳೆ, ಚಕ್ಕೋತ ಬೆಳೆಯುತ್ತಿದ್ದ ತಾಲ್ಲೂಕಿನಲ್ಲಿ ನೆಲವನ್ನು ಅಡಿಯ ಲೆಕ್ಕದಲ್ಲಿ ಮಾತನಾಡತೊಡಗಿದರು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗಾಗಿ ತಮ್ಮ 1,777 ಎಕರೆ ಜಮೀನಿನ ಸ್ವಾಧೀನವನ್ನು ವಿರೋಧಿಸಿ 2022ರಿಂದ ಧರಣಿ ಕುಳಿತರು. 2025ರ ಜುಲೈಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತೆಂದು ಮುಖ್ಯಮಂತ್ರಿಗಳು ಸಾರಿದರು. ಇದು ಗಾಲ್ಫಿಗೆ ಸಂಬಂಧಿಸಿದ ಜಗಳವಲ್ಲ. ಆದರೆ ಈ ಸೀಮೆಯಲ್ಲಿ ನೂರು ಎಕರೆ ಎಂದರೆ ಏನೆಂಬುದನ್ನು ತಿಳಿಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಡ.

ನೀರಿನ ಮಾತು ಇನ್ನೂ ಸೂಕ್ಷ್ಮ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಆ ಹೊಳೆಗೆ ಹೆಸರಘಟ್ಟದಲ್ಲಿ 1894ರಲ್ಲಿ ಕೆರೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ತಂದರು. ಆಮೇಲೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದರು. ಈಗ ಹೊಳೆಯ ಪಾತ್ರ ವರ್ಷದ ಬಹುಪಾಲು ಒಣಗಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ರೈತರು ಕೊಳವೆ ಬಾವಿಯ ಆಳವನ್ನು ಲೆಕ್ಕ ಹಾಕುತ್ತ ಬದುಕುತ್ತಾರೆ. ಈಚಿನ ವರ್ಷಗಳಲ್ಲಿ ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಬಳಸಿದ ನೀರನ್ನೇ ಶುದ್ಧಿಮಾಡಿ ಈ ಕಡೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಂದು ಈ ಸೀಮೆ ನಗರಕ್ಕೆ ತಿಳಿನೀರು ಕೊಟ್ಟಿತು. ಇಂದು ನಗರ ಅದಕ್ಕೆ ಬಳಸಿದ ನೀರನ್ನು ಹಿಂದಿರುಗಿಸುತ್ತಿದೆ. ಇಂಥ ಎಡೆಯಲ್ಲಿ ಹುಲ್ಲಿಗೆ ಹಾಕುವ ಪ್ರತಿ ಕೊಡದ ಲೆಕ್ಕವನ್ನೂ ಜನ ಕೇಳಿದರೆ ಅದು ಅಸೂಯೆಯಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಹೈಗ್ರೌಂಡ್ಸಿನ ಅಂಗಣ ಇಲ್ಲದಿದ್ದರೆ ಅಲ್ಲಿ ಇಂದು ಕಟ್ಟಡಗಳ ಗುಂಪಿರುತ್ತಿತ್ತು. ಆಟದ ನೆಪದಿಂದಲಾದರೂ ಅಲ್ಲಿ ಮರಗಳು ಉಳಿದಿವೆ, ಹಕ್ಕಿಗಳು ಕೂರುತ್ತವೆ, ಮಳೆಯ ನೀರು ಇಂಗಲು ಒಂದಷ್ಟು ಮಣ್ಣು ಸಿಕ್ಕಿದೆ. ನಮ್ಮ ಹಳ್ಳಿಗಳ ಗುಂಡುತೋಪುಗಳನ್ನು ನಾವೇ ಕಡಿದುಕೊಂಡಿದ್ದೇವೆ. ಗೋಮಾಳಗಳನ್ನು ನಾವೇ ಒತ್ತುವರಿ ಮಾಡಿದ್ದೇವೆ. ಬೇಲಿ ಹಾಕಿದವನನ್ನು ಬೈಯುವ ಮೊದಲು, ಬೇಲಿಯಿಲ್ಲದ್ದನ್ನು ನಾವು ಹೇಗೆ ಕಾಪಾಡಿದೆವು ಎಂದು ಕೇಳಿಕೊಳ್ಳಬೇಕಾದೀತು.

ಮೇಲಾಗಿ, ಬೇಲಿಯನ್ನು ದಾಟಿದವರೂ ಉಂಟು. ಅವರು ದಾಟಿದ್ದು ಚೀಲ ಹೊತ್ತುಕೊಂಡು. ಆಟಗಾರನ ಕೋಲುಗಳ ಚೀಲವನ್ನು ಹೊತ್ತು ಹದಿನೆಂಟು ಕುಳಿಗಳನ್ನೂ ಸುತ್ತುವವನಿಗೆ ಕ್ಯಾಡಿ ಎಂದು ಹೆಸರು. ಸುತ್ತಲ ಊರುಗಳ ಬಡ ಹುಡುಗರಿಗೆ ಅದು ದಿನಗೂಲಿಯ ಕೆಲಸ. ಆದರೆ ದಿನವೂ ಆ ನೆಲವನ್ನು ತುಳಿಯುವವನು ಅವನೇ. ಯಾವ ಗ್ರೀನ್ ಎತ್ತ ವಾಲಿದೆ, ಸಂಜೆಯ ಗಾಳಿ ಯಾವ ಮರದ ಕಡೆಯಿಂದ ಬರುತ್ತದೆ ಎಂಬುದು ವಾರಕ್ಕೊಮ್ಮೆ ಬರುವ ಸದಸ್ಯನಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಗೋಲಿಯ ಕುಳಿಯನ್ನೂ ಚಿನ್ನಿದಾಂಡಿನ ಏಟನ್ನೂ ಬಲ್ಲ ಕೈಗೆ ಈ ಆಟ ಪೂರಾ ಹೊಸದೂ ಅಲ್ಲ. ಹಾಗೆ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಮೊದಲು ಮಾಡಿದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್ ಪಂದ್ಯವನ್ನು, ಸರಿಸಮವಾದ ಮೇಲೆ ನಡೆದ ಹೆಚ್ಚಿನ ಆಟದಲ್ಲಿ ಗೆದ್ದರು. ಬಿಡದಿಯ ಅಂಗಣದ ನೆರೆಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ದೇಶದ ವೃತ್ತಿಪರ ಆಟಗಾರರ ಮುಂದಿನ ಸಾಲಿಗೆ ಏರಿದರು. ಬೆಂಗಳೂರಿನಲ್ಲಿಯೇ ಆಟ ಕಲಿತ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು ಒಂದೇ ಏಟಿನ ಅಂತರದಲ್ಲಿ ಪದಕದ ಸ್ಪರ್ಧೆಯಿಂದ ಹೊರಗುಳಿದಾಗ, ಗಾಲ್ಫ್ ಎಂದರೇನೆಂದು ಅರಿಯದವರೂ ಅಂದು ಬೆಳಗ್ಗೆ ಎದ್ದು ಕುಳಿತು ನೋಡಿದರು. ಅದಿತಿಯವರ ದಾರಿ ಬೇರೆ. ಮುನಿಯಪ್ಪನವರ ದಾರಿ ಬೇರೆ. ಎರಡು ದಾರಿಗಳೂ ತೋರಿಸುವುದು ಒಂದನ್ನೇ: ನೆಲದ ಮೇಲೆ ಕಾಲಿಡಲು ಅವಕಾಶ ಸಿಕ್ಕರೆ ನಮ್ಮ ಮಕ್ಕಳು ಕಲಿಯುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಇರುವ ಅಂಗಣಗಳನ್ನು ಅಗೆದು ರಾಗಿ ಬಿತ್ತಿರೆಂದು ಹೇಳುವುದು ಸುಲಭ; ಅದು ಆಗುವ ಮಾತಲ್ಲ. ಹುಲ್ಲಿಗೆ ಶುದ್ಧಿಮಾಡಿದ ನೀರನ್ನು ಮಾತ್ರ ಬಳಸುವುದು, ಅದರ ಲೆಕ್ಕವನ್ನು ನೆರೆಯ ಪಂಚಾಯಿತಿಗೆ ತೋರಿಸುವುದು ಆಗುವ ಮಾತು. ಸೇಂಟ್ ಆಂಡ್ರೂಸಿನ ಭಾನುವಾರವೂ ಆಗುವ ಮಾತೇ. ಆ ಊರಿನಿಂದ ನಾವು ಹದಿನೆಂಟು ಕುಳಿಗಳನ್ನು ತಂದೆವು, ಮರಳಿನ ಹೊಂಡವನ್ನು ತಂದೆವು, ಕಟ್ಟಳೆಗಳನ್ನೆಲ್ಲ ತಂದೆವು. ಅಲ್ಲಿನ ವಾರದ ಬಿಡುವನ್ನು ಮಾತ್ರ ತರಲಿಲ್ಲ. ವಾರಕ್ಕೊಂದು ದಿನ, ಬೇಡವೆಂದರೆ ತಿಂಗಳಿಗೊಂದು ದಿನ, ಕುಂದಾಣದ, ಕಾರಹಳ್ಳಿಯ ಶಾಲೆಯ ಮಕ್ಕಳು ಆ ಹುಲ್ಲಿನ ಮೇಲೆ ಓಡಾಡಲಿ. ಕೆಲವರ ಕೈಗೆ ಕೋಲು ಕೊಡಲಿ. ಗೋಮಾಳದಲ್ಲಿ ಹುಟ್ಟಿದ ಆಟಕ್ಕೆ ಅದರಿಂದ ಯಾವ ಕುಂದೂ ಬಾರದು.