ಕ್ಯಾಪ್ಟನ್ ಬ್ಲಡ್
ಮೈಕೆಲ್ ಕರ್ಟಿಜ್ ನಿರ್ದೇಶನದ ಕಪ್ಪು-ಬಿಳುಪು ಹಾಲಿವುಡ್ ಚಿತ್ರ (1935). ರಾಫೆಲ್ ಸಬಾಟಿನಿಯ 1922ರ ಕಾದಂಬರಿ ಆಧಾರಿತ. ಗಾಯಗೊಂಡ ದಂಗೆಕೋರನಿಗೆ ಚಿಕಿತ್ಸೆ ಕೊಟ್ಟ ವೈದ್ಯ ಪೀಟರ್ ಬ್ಲಡ್ ಜಮೈಕಾದಲ್ಲಿ ಗುಲಾಮನಾಗಿ ಮಾರಾಟಗೊಂಡು, ತಪ್ಪಿಸಿಕೊಂಡು ಕಡಲ್ಗಳ್ಳನಾಗುತ್ತಾನೆ. ಎರಲ್ ಫ್ಲಿನ್ ತಾರೆಯಾದದ್ದು ಇದರಿಂದಲೇ. ಬೇಸಿಲ್ ರಾತ್‌ಬೋನ್ ಜತೆಗಿನ ಕಡಲದಂಡೆಯ ಕತ್ತಿವರಸೆ ಇಂದಿಗೂ ಹಳತೆನಿಸದು. ಹಲವು ಹಡಗುಗಳು ಪುಟ್ಟ ಮಾದರಿಗಳೆಂಬುದು ಮಾತ್ರ ಕಣ್ಣಿಗೆ ಬೀಳುತ್ತದೆ. ಕೋಲಾರ ಜಿಲ್ಲೆಯ ಬಿ.ಆರ್. ಪಂತುಲು ಇದೇ ಎಳೆ ಹಿಡಿದು ತಮಿಳಿನಲ್ಲಿ ‘ಆಯಿರತ್ತಿಲ್ ಒರುವನ್’ (1965) ತೆಗೆದರು. ಅದು ವರ್ಣಚಿತ್ರ, ಎಂ.ಜಿ.ಆರ್., ಜಯಲಲಿತಾ ಜೋಡಿಯ ಮೊದಲನೆಯದು. ಅದರ ಹಡಗಿನ ಹಾಡನ್ನು ಕಾರವಾರದಲ್ಲಿ ಚಿತ್ರಿಸಲಾಯಿತು. ಇಂಥ ಕಥೆಗೆ ಕರಾವಳಿಯವರು ಜಮೈಕಾ ತನಕ ಹೋಗಬೇಕಿಲ್ಲ: ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಮನೆತನದವರು. ಚೌಟರ ಅರಮನೆ ಮೂಡುಬಿದಿರೆಯಲ್ಲಿದೆ. ರಾಣಿಯ ಹೆಸರಿನ ತುಳು ಅಧ್ಯಯನ ಕೇಂದ್ರ ಬಂಟ್ವಾಳದಲ್ಲಿದೆ.