ಕುವೈತ್‌ನ ಉದ್ಯೋಗ ಸ್ಥಿತಿ: ಕೋವಿಡ್ ನಂತರದ ಚೇತರಿಕೆ

ಕುವೈತ್‌ನ ನಿರುದ್ಯೋಗ ದರ ಬಿಕ್ಕಟ್ಟಿನಲ್ಲೂ ಕಡಿಮೆಯೇ ಕಾಣುತ್ತದೆ. ಏರಿಳಿತ ಗೋಚರಿಸುವುದು ಜನಸಂಖ್ಯೆಯಲ್ಲಿ. ದುಡಿಯುವವರಲ್ಲಿ ಬಹುಪಾಲು ವಿದೇಶಿಯರು. ಅವರಲ್ಲಿ ಭಾರತೀಯರೇ ದೊಡ್ಡ ಗುಂಪು. ಮಂಗಳೂರು, ಉಡುಪಿ ಕಡೆಯವರೂ ಸಾಕಷ್ಟಿದ್ದಾರೆ. ವಾಸದ ಪರವಾನಗಿಯಾದ ಇಕಾಮಾ ಕಫೀಲನಿಗೆ, ಅಂದರೆ ಪ್ರಾಯೋಜಕ ಮಾಲೀಕನಿಗೆ, ಕಟ್ಟಿಕೊಂಡಿರುವುದರಿಂದ ಕೆಲಸ ಹೋದವರು ಬೇರೆ ಮಾಲೀಕನನ್ನು ಹುಡುಕಬೇಕು, ಇಲ್ಲವೇ ಊರಿಗೆ ಮರಳಬೇಕು. ಮರಳಿದವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ. ಅವರ ಸಂಕಟ ಅಂಕಿಅಂಶದಿಂದ ಅಳಿಸಿಹೋಗುತ್ತದೆ. ದುಡಿಯುವ ಕುವೈತಿ ಪ್ರಜೆಗಳಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು, ಹಾಗಾಗಿ ಅವರಿಗೆ ಪೆಟ್ಟು ಕಡಿಮೆ. ಕೋವಿಡ್ ಕಾಲದ 2020–21ರಲ್ಲಿ ಲಕ್ಷಾಂತರ ವಿದೇಶಿಯರು ದೇಶ ಬಿಟ್ಟರು. ಆಗ ನಿಂತಿದ್ದ ಭಾರತದಿಂದ ನೇರ ವಿಮಾನ ಸಂಚಾರ 2021ರ ಸೆಪ್ಟೆಂಬರಿನಲ್ಲಿ ಮತ್ತೆ ಆರಂಭವಾಯಿತು. 2022ರಲ್ಲಿ ಜನಸಂಖ್ಯೆ ಪುನಃ ಏರಿತು. ಚೇತರಿಕೆಯ ಅಳತೆಗೆ ನಿರುದ್ಯೋಗ ದರಕ್ಕಿಂತ ಕೆಲಸದ ಪರವಾನಗಿಗಳ ಸಂಖ್ಯೆಯೇ ಹೆಚ್ಚು ನಂಬಲರ್ಹ.